ದ್ವೀಪಕ್ಕೆ ನಡೆದು ಹೋದ ಶುಕ್ರವಾರ

ಈಗ ಬರೆಯುತ್ತಿರುವುದು ನಿಜವಾಗಿಯೂ ಹೀಗೆಯೇ ನಡೆಯಿತೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನುವ ಧೈರ್ಯ ನನಗಿಲ್ಲ. ಇಲ್ಲ ಎನ್ನಲೂ ಬಾಯಿ ಬರುವುದಿಲ್ಲ. ಇಷ್ಟು ವರ್ಷಗಳಲ್ಲಿ ಇದನ್ನು ಮೂರೋ ನಾಲ್ಕೋ ಜನರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಎಲ್ಲೋ ಒಂದು ಎಳೆ ಕಡಿಮೆಯಾಗಿದೆ, ಇನ್ನೊಂದು ಸೇರಿಕೊಂಡಿದೆ. ನನಗೆ ನೆನಪಿರುವುದು ಆ ದಿನವೋ, ಅಥವಾ ಆ ದಿನದ ಬಗ್ಗೆ ನಾನೇ ಹೇಳಿಕೊಂಡು ಬಂದ ಮಾತುಗಳೋ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

ಮೊದಲೇ ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ಇಂಥ ಕಥೆಗಳನ್ನು ನಂಬುವವನಲ್ಲ ನಾನು. ಮೈಸೂರಿನಲ್ಲಿ ಭೌತವಿಜ್ಞಾನ ಓದುತ್ತಿದ್ದಾಗ ಹಾಸ್ಟೆಲಿನಲ್ಲಿ ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ದೀಪ ಎಷ್ಟು ದೂರವಿತ್ತು, ನಿನಗೆ ಜ್ವರವಿತ್ತೇ ಎಂದೆಲ್ಲ ಕೇಳಿ ಕಥೆಯ ಕುತ್ತಿಗೆ ಹಿಸುಕುತ್ತಿದ್ದೆ. ಅದರಲ್ಲಿ ನನಗೊಂದು ಹೆಮ್ಮೆಯೂ ಇತ್ತು. ಇದನ್ನು ಓದುತ್ತಾ ನೀವೂ ಅಂಥವೇ ಪ್ರಶ್ನೆ ಕೇಳಿದರೆ ನನಗೆ ಬೇಸರವಿಲ್ಲ. ಅವನ್ನೆಲ್ಲ ನಾನೇ ಕೇಳಿಕೊಂಡು ಮುಗಿಸಿದ್ದೇನೆ.

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಬಹರೈನಿನಲ್ಲಿದ್ದೆ. ನೀರಿನ ಪಂಪು ಮಾರುವ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಗುಫೂಲ್ ಎಂಬ ಬಡಾವಣೆಯಲ್ಲಿ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯ ಫ್ಲಾಟಿನಲ್ಲಿ ನಮ್ಮ ಕಡೆಯ ನಾಲ್ವರು ಒಟ್ಟಿಗಿದ್ದೆವು. ವಾರದ ದಿನಗಳು ಹೇಗೋ ಸಾಗುತ್ತಿದ್ದವು. ರಜೆಯ ದಿನವಾದ ಶುಕ್ರವಾರ ಮಾತ್ರ ಕಷ್ಟ. ಉಳಿದವರು ಹನ್ನೊಂದು ಗಂಟೆಯವರೆಗೆ ಮಲಗುವರು, ಎದ್ದು ಮೀನು ಸಾರು ಮಾಡುವರು, ಮಧ್ಯಾಹ್ನದಿಂದ ಸಂಜೆಯವರೆಗೆ ಇಸ್ಪೀಟು. ನನಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಊರಿನಿಂದ ಬಂದ ಕಾಗದವನ್ನು ಎರಡು ಸಲ ಓದಿ ಮುಗಿಸಿದ ಮೇಲೆ ಆ ಮನೆಯಲ್ಲಿ ನನಗೇನೂ ಉಳಿಯುತ್ತಿರಲಿಲ್ಲ. ಹಾಗಾಗಿ ನಡೆಯುತ್ತಿದ್ದೆ.

ನಡೆಯುವುದಕ್ಕೂ ಒಂದು ನೆಪ ಬೇಕಲ್ಲ. ಗ್ರಂಥಾಲಯದ ಒಂದು ಹಳೆಯ ಪುಸ್ತಕದಲ್ಲಿ, ಹಿಂದಿನ ಕಾಲದಲ್ಲಿ ಹಳ್ಳಿಗಳ ಜನ ಸಂತರ ಗೋರಿಗಳಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದ ದಾರಿಗಳ ಬಗ್ಗೆ ನಾಲ್ಕಾರು ಪುಟ ಓದಿದ್ದೆ. ಏಳೆಂಟು ನೂರು ವರ್ಷಗಳಷ್ಟು ಹಳೆಯ ದಾರಿಗಳು. ಖರ್ಜೂರದ ತೋಟಗಳ ನಡುವೆ, ನೀರಿನ ಕಾಲುವೆಗಳ ಅಂಚಿನಲ್ಲಿ, ಒಂದು ಚಿಲುಮೆಯಿಂದ ಇನ್ನೊಂದು ಚಿಲುಮೆಗೆ ಸಾಗುವವು. ನಾನು ನೋಡುವ ಹೊತ್ತಿಗೆ ಚಿಲುಮೆಗಳು ಬತ್ತುತ್ತಿದ್ದವು, ಅರ್ಧ ತೋಟಗಳು ಒಣಗಿ ನಿಂತಿದ್ದವು. ಆದರೂ ಎರಡು ಮಣ್ಣಿನ ಗೋಡೆಗಳ ನಡುವೆ ಒಬ್ಬ ಮನುಷ್ಯ, ಒಂದು ಕತ್ತೆ ಹೋಗುವಷ್ಟು ಅಗಲದ ಓಣಿ ಕಂಡರೆ ಇದೇ ಆ ದಾರಿ ಎಂದು ತಿಳಿಯುತ್ತಿತ್ತು. ಅಂಥ ದಾರಿಗಳನ್ನು ಒಬ್ಬನೇ ಒಂದೊಂದಾಗಿ ನಡೆದು ಮುಗಿಸುತ್ತಿದ್ದೆ. ಭಕ್ತಿಯಿಂದಲ್ಲ. ಬೇರೆ ಕೆಲಸವಿಲ್ಲದ್ದರಿಂದ.

ಉಳಿದದ್ದು ಒಂದು. ಅದು ಪೂರ್ವದ ಕಡಲಿಗೆ ಇಳಿದು, ನೀರು ಇಳಿದ ಹೊತ್ತಿನಲ್ಲಿ ಕಡಲನ್ನೇ ದಾಟಿ, ಒಂದು ಸಣ್ಣ ದ್ವೀಪದ ಮೇಲಿನ ಗೋರಿಗೆ ಹೋಗುವ ದಾರಿ. ದ್ವೀಪದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನನ್ನ ಕಾಲಕ್ಕಾಗಲೇ ಅಲ್ಲಿಗೆ ಸೇತುವೆ ರಸ್ತೆಯಾಗಿ ಬಹಳ ವರ್ಷವಾಗಿತ್ತು. ಕಾಲ್ನಡಿಗೆಯ ದಾರಿ ಯಾರಿಗೂ ಬೇಕಿರಲಿಲ್ಲ.

ನಮ್ಮ ಕಂಪನಿಯ ಡ್ರೈವರ್ ಹಮೀದ್ ಉಳ್ಳಾಲದ ಕಡೆಯವರು. ನನಗಿಂತ ಹದಿನೈದು ವರ್ಷ ದೊಡ್ಡವರು. ಊರಿನ ವಾಡಿಕೆಯಂತೆ ಹಮೀದಾಕ ಎನ್ನುತ್ತಿದ್ದೆ. ಆ ವರ್ಷ ಮಳೆಗಾಲದಲ್ಲಿ ಅವರ ಹೆಂಡತಿಗೆ ಕಾಮಾಲೆ ಆಗಿ ಬದುಕುವುದೇ ಕಷ್ಟ ಎಂದಾಗಿ, ಮತ್ತೆ ಹೇಗೋ ಚೇತರಿಸಿಕೊಂಡಿದ್ದರು. ಗುಣವಾದರೆ ಊರಿನ ದರ್ಗಾಕ್ಕೆ ನಡೆದುಕೊಂಡು ಬರುತ್ತೇನೆಂದು ಇವರು ಹರಕೆ ಹೊತ್ತಿದ್ದರು. ರಜೆ ಸಿಗಲು ಇನ್ನೂ ಒಂದು ವರ್ಷವಿತ್ತು. ಅಷ್ಟು ದಿನ ಹರಕೆ ಬಾಕಿ ಇಟ್ಟುಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ.

"ಇಲ್ಲಿಯವರ ಪದ್ಧತಿ ಬೇರೆ, ನಮ್ಮದು ಬೇರೆ. ಆದ್ರೆ ಔಲಿಯಾ ಔಲಿಯಾನೇ ಅಲ್ವಾ ಸಾರ್," ಎಂದು ಇಲ್ಲಿಯ ಸಂತರ ಬಗ್ಗೆ ಒಂದು ದಿನ ಗಾಡಿ ಓಡಿಸುತ್ತಾ ಹೇಳಿದರು. "ಆ ದ್ವೀಪಕ್ಕೆ ಸೇತುವೆ ಮೇಲೆ ನಡ್ಕೊಂಡು ಹೋಗಿ ಬರ್ತೇನೆ."

ಅವರನ್ನು ಅಷ್ಟಕ್ಕೇ ಬಿಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ. ಸೇತುವೆ ಮೇಲೆ ಲಾರಿಗಳ ಪಕ್ಕದಲ್ಲಿ ನಡೆಯುವುದು ಯಾವ ನಡಿಗೆ ಹಮೀದಾಕ, ನಿಜವಾದ ದಾರಿ ಬೇರೆಯೇ ಇದೆ, ಹಳೆಯ ಜನ ಹೋಗುತ್ತಿದ್ದದ್ದು, ನಾನು ತೋರಿಸುತ್ತೇನೆ ಎಂದೆ. ಅವರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು.

"ನೀರು ಉಂಟಲ್ಲ ಮಾರಾಯ್ರೆ. ನಂಗೆ ಈಜು ಬರುದಿಲ್ಲ."

"ಇಳಿತದ ಹೊತ್ತಿಗೆ ಹೋದರೆ ಮೊಣಕಾಲೂ ಮುಟ್ಟುವುದಿಲ್ಲ. ಲೆಕ್ಕ ನನಗೆ ಬಿಡಿ."

"ಉಳ್ಳಾಲದವನಿಗೆ ಈಜು ಬರುದಿಲ್ಲ ಅಂತ ಯಾರಿಗೂ ಹೇಳ್ಬೇಡಿ ಮತ್ತೆ," ಎಂದು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, "ನೀವು ಓದಿದವರು. ನೀವು ಹೇಳಿದ ಮೇಲೆ ಆಯ್ತು," ಎಂದರು.

ಲೆಕ್ಕ ನನಗೆ ಬಿಡಿ ಎಂದೆನಲ್ಲ, ಆ ಲೆಕ್ಕ ಹೀಗಿತ್ತು. ನಾನು ಹುಟ್ಟಿದ್ದು ಕುಂದಾಪುರದ ಹತ್ತಿರ, ಹೊಳೆ ಕಡಲು ಸೇರುವ ಜಾಗದಲ್ಲಿ. ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ತಿಥಿ ನೋಡಿ ಭರತ ಇಳಿತ ಹೇಳಲು ಬರುತ್ತದೆ. ಹುಣ್ಣಿಮೆಯ ದಿನ ಬೆಳಗಿನ ಇಳಿತ ಸುಮಾರು ಐದೂವರೆಗೆ. ಆಮೇಲೆ ದಿನಕ್ಕೆ ಎರಡು ಗಳಿಗೆ ಮುಂದೆ. ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ ಊರಿನಿಂದ ತಂದ ಪಂಚಾಂಗದ ಕ್ಯಾಲೆಂಡರ್ ತೂಗುತ್ತಿತ್ತು. ಅದು ಜೊತೆಗಿದ್ದ ಕಾರ್ಕಳದ ಪ್ರಭಾಕರನದು. ಅವನು ರಾಹುಕಾಲ ನೋಡದೆ ಊರಿಗೆ ಫೋನು ಕೂಡ ಮಾಡುತ್ತಿರಲಿಲ್ಲ. ಅದಕ್ಕೆ ನಾನು ಅವನನ್ನು ಗೇಲಿ ಮಾಡದ ದಿನವಿಲ್ಲ. ಗುರುವಾರ ರಾತ್ರಿ ನಾನು ಅದೇ ಕ್ಯಾಲೆಂಡರಿನ ಮುಂದೆ ಪೆನ್ಸಿಲ್ ಹಿಡಿದು ನಿಂತದ್ದನ್ನು ಕಂಡು ಅವನಿಗೆ ಹಬ್ಬ.

"ಏನು ವಿಜ್ಞಾನಿಗಳು ಪಂಚಾಂಗಕ್ಕೆ ಬಂದ್ರು?"

"ಇದು ಚಂದ್ರನ ಲೆಕ್ಕ. ನಿನ್ನ ರಾಹು ಅಲ್ಲ."

"ಹೌದೌದು. ನಿಂಗೆ ಬೇಕಾದಾಗ ವಿಜ್ಞಾನ, ನಂಗೆ ಬೇಕಾದಾಗ ಮೂಢನಂಬಿಕೆ."

ಮರುದಿನ ಹುಣ್ಣಿಮೆ ಕಳೆದ ಚೌತಿ. ಎಂಟೂಮುಕ್ಕಾಲಿಗೆ ಪೂರ್ತಿ ಇಳಿತ ಎಂದು ಬರೆದುಕೊಂಡೆ. ನಮ್ಮೂರಿನ ಹೊಳೆಬಾಯಿಯ ಲೆಕ್ಕ ಈ ಕೊಲ್ಲಿಯ ನೀರಿಗೂ ಹೊಂದುತ್ತದೆಯೇ ಎಂಬ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಚಂದ್ರ ಒಂದೇ ಅಲ್ಲವೇ ಎಂಬ ಧೈರ್ಯ. ಪ್ರತಿ ದಿನ ಇಂಗ್ಲಿಷ್ ಪತ್ರಿಕೆಯ ಮೂಲೆಯಲ್ಲಿ ಅಲ್ಲಿಯ ಭರತ ಇಳಿತದ ಹೊತ್ತು ಅಚ್ಚಾಗುತ್ತಿತ್ತು. ಅದನ್ನು ನೋಡಬೇಕೆಂದೂ ಅನ್ನಿಸಲಿಲ್ಲ.

ಜನವರಿಯ ಬೆಳಗು, ಚಳಿ. ಆರು ಗಂಟೆಗೆ ಜೋಡಿ ಮಿನಾರಿನ ಹಳೆಯ ಮಸೀದಿಯ ಹತ್ತಿರ ಕಂಪನಿಯ ಪಿಕಪ್ ನಿಲ್ಲಿಸಿ ಹೊರಟೆವು. ಹಮೀದಾಕ ಚಪ್ಪಲಿಯನ್ನು ಗಾಡಿಯಲ್ಲೇ ಬಿಟ್ಟರು. ಹೆಗಲಿನ ಚೀಲದಲ್ಲಿ ಒಂದು ಹಸಿರು ಬಟ್ಟೆ, ಒಂದು ಸೀಸೆ ಪನ್ನೀರು, ಊದುಬತ್ತಿ. ಅವರಿಗೆ ಬರಿಗಾಲು ಕಲ್ಲಿನ ಮೇಲೆ ನೋಯುತ್ತಿದ್ದುದರಿಂದ ಚೀಲವನ್ನು ನಾನು ಹೊತ್ತುಕೊಂಡೆ. ತೋಟಗಳ ಓಣಿಯಲ್ಲಿ ಆಗಲೇ ಮಂಜು ಕೂತಿತ್ತು. ಚಳಿಗಾಲದಲ್ಲಿ ಅಲ್ಲಿ ಕೆಲವು ದಿನ ಹಾಗೆ ಆಗುತ್ತದೆ. ವಿಮಾನಗಳೂ ಇಳಿಯುವುದಿಲ್ಲ. ಖರ್ಜೂರದ ಮರಗಳ ಬುಡ ಮಾತ್ರ ಕಾಣುತ್ತಿತ್ತು, ತಲೆ ಇರಲಿಲ್ಲ. ಎಲ್ಲೋ ಒಂದು ಕಡೆ ನೀರಿನ ಪಂಪು ಓಡುವ ಸದ್ದು. ಹಮೀದಾಕ ಹೆಚ್ಚು ಮಾತಾಡಲಿಲ್ಲ. ತುಟಿ ಅಲ್ಲಾಡುತ್ತಿತ್ತು, ಏನೋ ಪಠಿಸುತ್ತಿದ್ದರು. ಜೊತೆಯಲ್ಲಿ ಒಬ್ಬರಿದ್ದರೂ ನಾನು ಎಂದಿನಂತೆ ಒಬ್ಬನೇ ನಡೆಯುತ್ತಿರುವಂತೆ ಅನ್ನಿಸಿತು. ಅವರಿಗೆ ಹೋಗಲು ಒಂದು ಜಾಗವಿತ್ತು. ನನಗೆ ಬರೀ ದಾರಿ.

ಕಡಲ ಅಂಚು ಮುಟ್ಟಿದಾಗ ಎಂಟೂವರೆ ದಾಟಿತ್ತು. ಎದುರಿಗೆ ಬೂದು ಬಣ್ಣದ ಒಂದು ಬಯಲು, ಅದರ ಮೇಲೆ ತೆಳ್ಳಗೆ ನೀರು, ಮೂವತ್ತು ಹೆಜ್ಜೆ ಆಚೆ ಮಂಜು. ದ್ವೀಪ ಕಾಣುತ್ತಿರಲಿಲ್ಲ. ಎಡಗಡೆಗೆ ಮೀನು ಹಿಡಿಯಲು ನೆಟ್ಟ ಕಡ್ಡಿಗಳ ಬೇಲಿಯೊಂದು ನೀರಿನೊಳಗೆ ಹೋಗಿತ್ತು. ಅದನ್ನು ಹಿಡಿದು ನೇರ ಹೋದರೆ ಅರ್ಧ ಗಂಟೆಯ ದಾರಿ ಎಂದು ಪುಸ್ತಕದ ನಕ್ಷೆ ನೋಡಿ ತಿಳಿದುಕೊಂಡಿದ್ದೆ.

"ಇದು ಇಳಿತವಾ ಸಾರ್?" ಎಂದು ಹಮೀದಾಕ ಒಂದೇ ಸಲ ಕೇಳಿದರು.

"ಇನ್ನು ಹತ್ತು ನಿಮಿಷದಲ್ಲಿ ಪೂರ್ತಿ ಇಳಿಯುತ್ತದೆ."

ನೀರಿಗೆ ಇಳಿದೆವು. ಮೊದಲು ಹಿಮ್ಮಡಿ, ಆಮೇಲೆ ಮೀನಖಂಡ. ಬೇಲಿ ಮುಗಿಯುವ ಕಡೆ ಹಮೀದಾಕ ನಿಂತರು. ಕಾಲಿಗೆ ಚಿಪ್ಪು ಚುಚ್ಚಿತ್ತು. ಬೇಲಿಯ ಕಡ್ಡಿ ಹಿಡಿದು ಬಗ್ಗಿ ತೆಗೆಯುತ್ತಾ, "ನೀವು ಮೆಲ್ಲ ಹೋಗ್ತಾ ಇರಿ, ಬಂದೆ," ಎಂದರು. ನಾನು ಮೂವತ್ತೋ ನಲವತ್ತೋ ಹೆಜ್ಜೆ ಹೋಗಿ ತಿರುಗಿ ನೋಡಿದೆ. ಅವರೂ ಇಲ್ಲ, ಬೇಲಿಯೂ ಇಲ್ಲ. ಎಲ್ಲ ಕಡೆ ಒಂದೇ ಬಿಳಿ.

ನಿಂತು ಕಾದೆ. ಎಷ್ಟು ಹೊತ್ತು ಎಂದು ಹೇಳಲಾರೆ. ನೀರು ಮೊಣಕಾಲಿಗೆ ಬಂದಿತ್ತು. ಅದು ಇಳಿಯುತ್ತಿರಲಿಲ್ಲ, ಏರುತ್ತಿತ್ತು ಎಂಬುದು ಆಗ ಗೊತ್ತಾಯಿತು. ಈಜು ಬಾರದ ಒಬ್ಬ ಮನುಷ್ಯನನ್ನು, ಮನೆಯಲ್ಲಿ ಹೆಂಡತಿಯೂ ಮೂರು ಮಕ್ಕಳೂ ಇರುವವರನ್ನು, ನನ್ನ ಮಾತಿನ ಮೇಲೆ ಕಡಲಿನ ಮಧ್ಯಕ್ಕೆ ತಂದು ನಿಲ್ಲಿಸಿದ್ದೆ.

ಕೂ ಹಾಕಿದೆ. ನಮ್ಮೂರಿನ ಕಡವಿನಲ್ಲಿ ಆಚೆ ದಡದ ದೋಣಿಯವನನ್ನು ಕರೆಯುವುದು ಹಾಗೆ. ಬಾಯಿಗೆ ಕೈ ಅಡ್ಡ ಹಿಡಿದು ಉದ್ದಕ್ಕೆ ಒಂದು ಕೂ. ಯೋಚಿಸಿ ಮಾಡಿದ್ದಲ್ಲ, ಹೆದರಿದಾಗ ಗಂಟಲಿಗೆ ಬಂದದ್ದು ಅದೇ. ಹೆಸರು ಕೂಗಬೇಕೆಂದು ಆಗ ತೋಚಲಿಲ್ಲ.

ಉತ್ತರ ಬಂತು. ಮುಂದುಗಡೆಯಿಂದ. ಉದ್ದಕ್ಕೆ ಒಂದು, ಅದರ ಬೆನ್ನಿಗೆ ಗಿಡ್ಡಗೆ ಎರಡು.

ಹಮೀದಾಕ ಮಂಜಿನಲ್ಲಿ ನನ್ನನ್ನು ದಾಟಿ ಮುಂದೆ ಹೋಗಿದ್ದಾರೆ ಎಂದುಕೊಂಡೆ. ಆ ಕಡೆಗೆ ನಡೆದೆ. ಸ್ವಲ್ಪ ನಡೆದು ಮತ್ತೆ ಕೂ ಹಾಕಿದೆ, ಮತ್ತೆ ಉತ್ತರ. ಮೊದಲಿನಷ್ಟೇ ದೂರದಿಂದ. ಅವರೂ ನಡೆಯುತ್ತಿರಬೇಕು. ಒಂದು ಸಲ ಉತ್ತರ ಎಡಗಡೆಯಿಂದ ಬಂತು, ನಾನೂ ಎಡಕ್ಕೆ ತಿರುಗಿದೆ. ಇನ್ನೊಂದು ಸಲ ಬಹಳ ಹೊತ್ತು ಬರಲಿಲ್ಲ. ಅಲ್ಲೇ ನಿಂತೆ. ಬಂದ ಮೇಲೆ ಹೊರಟೆ. ಕಾಲಡಿಯ ನೆಲ ಗಟ್ಟಿಯಾಗಿತ್ತು. ದಡದ ಹತ್ತಿರವಿದ್ದ ಕೆಸರು ಇಲ್ಲಿರಲಿಲ್ಲ. ನೀರು ಮೊಣಕಾಲಿನ ಮೇಲೆ ಏರಲಿಲ್ಲ. ಇದು ನನಗೆ ಖಚಿತವಾಗಿ ನೆನಪಿದೆ ಎಂದು ಬರೆಯಲು ಹೊರಟು ಪೆನ್ನು ನಿಲ್ಲಿಸಿದೆ. ಆದರೂ ಬರೆಯುತ್ತೇನೆ. ಪ್ಯಾಂಟಿನ ಜೇಬಿನಲ್ಲಿದ್ದ ತಿಥಿ ಲೆಕ್ಕದ ಚೀಟಿ ಒದ್ದೆಯಾಗಿರಲಿಲ್ಲ. ಅದನ್ನು ಆ ಸಂಜೆ ನಾನೇ ಹರಿದು ಹಾಕಿದೆ.

ಆ ನಡಿಗೆಯಲ್ಲಿ ನನಗೆ ಹೆದರಿಕೆಯಾಗಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಬಹರೈನಿಗೆ ಬಂದು ಎರಡು ವರ್ಷದಲ್ಲಿ ಮೊದಲ ಸಲ, ನಾನು ಕರೆದರೆ ಓಗೊಡುವವರು ಒಬ್ಬರಿದ್ದಾರೆ ಎಂಬ ಸಮಾಧಾನವಿತ್ತು.

ಮಂಜಿನೊಳಗಿಂದ ಒಂದು ಗಿಡ್ಡ ಗೋಡೆ, ಮರಗಳು, ಆಮೇಲೆ ಮರಳು. ದ್ವೀಪ. ಗೋರಿಯ ಅಂಗಳವನ್ನು ಒಬ್ಬ ಮುದುಕ ಗುಡಿಸುತ್ತಿದ್ದ. ನನ್ನ ಹರಕುಮುರುಕು ಅರಬ್ಬಿಯಲ್ಲಿ, ಈಗ ಒಬ್ಬ ಹಿಂದಿ ಬಂದನಲ್ಲ, ಎಲ್ಲಿ ಎಂದು ಕೇಳಿದೆ. ಅಲ್ಲಿಯವರು ನಮ್ಮನ್ನೆಲ್ಲ ಕರೆಯುವುದು ಹಿಂದಿ ಎಂದೇ. ಮುದುಕ ತಲೆಯಾಡಿಸಿದ. ಯಾರೂ ಬಂದಿಲ್ಲ. ಬೆಳಗಿನಿಂದ ನೀನೇ ಮೊದಲು. ಗಾಡಿ ಎಲ್ಲಿ ಎಂದು ಕೈಯಲ್ಲಿ ಕೇಳಿದ. ನಾನು ಕಡಲು ತೋರಿಸಿದೆ. ಅವನು ನನ್ನ ಕಾಲು ನೋಡಿದ, ಕಡಲು ನೋಡಿದ, ಪೊರಕೆಯನ್ನು ಗೋಡೆಗೆ ಒರಗಿಸಿಟ್ಟ.

ಆಮೇಲಿನ ಒಂದು ಗಂಟೆ ನನ್ನ ಬದುಕಿನಲ್ಲಿ ಮತ್ತೆ ಬರುವುದು ಬೇಡ. ದಡದ ಉದ್ದಕ್ಕೂ ಓಡುತ್ತಾ ಕೂ ಹಾಕಿದೆ. ಗಂಟಲು ಒಡೆಯುವವರೆಗೆ ಹಾಕಿದೆ. ಒಂದಕ್ಕೂ ಉತ್ತರ ಬರಲಿಲ್ಲ. ಮಂಜು ತೆಳುವಾಗುತ್ತಾ ಹೋದಂತೆ ನೀರು ಕಂಡಿತು, ದಡದಿಂದ ದಡದವರೆಗೆ ತುಂಬಿದ ನೀರು. ಹಮೀದಾಕನ ಹೆಂಡತಿಗೆ ಕಾಗದ ಯಾರು ಬರೆಯುವುದು, ಏನೆಂದು ಬರೆಯುವುದು ಎಂದು ಯೋಚಿಸಿದ್ದು ನೆನಪಿದೆ. ಹೆಗಲಿನಲ್ಲಿ ಅವರ ಚೀಲವಿತ್ತು. ಮುದುಕನೇ ರಸ್ತೆಗೆ ಹೋಗಿ ಒಂದು ಪಿಕಪ್ ನಿಲ್ಲಿಸಿ, ನನ್ನನ್ನು ಕೂರಿಸಿಕೊಂಡು ಸೇತುವೆ ಸುತ್ತಿ ತೋಟದ ದಡಕ್ಕೆ ಕರೆತಂದ.

ಹಮೀದಾಕ ಅಲ್ಲಿ ಮುರಿದ ಗೋಡೆಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದರು, ಮತ್ತೆ ಕೂತರು. ನಾನು ಹತ್ತಿರ ಹೋದೆ. ಹೊಡೆಯುತ್ತಾರೆ ಎಂದುಕೊಂಡೆ.

"ನಿಮ್ಮ ಅಮ್ಮನಿಗೆ ನಾನು ಏನು ಹೇಳ್ಬೇಕಿತ್ತು?" ಎಂದರು. ದನಿ ಪೂರ್ತಿ ಕೂತು ಹೋಗಿತ್ತು. "ಕರೆದದ್ದು ನೀವು. ವಾಪಸ್ ಬಂದು ನೋಡಿದ್ರೆ ನೀವೇ ಇಲ್ಲ."

"ನಾನೆಲ್ಲಿ ಕರೆದೆ?"

"ಹಿಂದಿಂದ. ದಡದಿಂದ. ಹಮೀದಾಕ, ಹಮೀದಾಕ ಅಂತ ಮೂರು ಸಲ. ನೀವು ಮುಂದೆ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಆದ್ರೂ ದನಿ ನಿಮ್ದೇ. ದಾರಿ ಸರಿ ಇಲ್ಲಂತ ತಿರುಗಿದ್ರೋ ಏನೋ ಅಂತ ಬಂದೆ."

"ನಾನು ಹೆಸರು ಹಿಡಿದು ಕರೆಯಲೇ ಇಲ್ಲ. ಕೂ ಹಾಕಿದೆ. ನೀವು ಉತ್ತರ ಕೊಟ್ಟಿರಲ್ಲ."

"ಯಾವ ಕೂ?"

ಅವರು ದಡದಲ್ಲಿ ನಿಂತು ಅರ್ಧ ಗಂಟೆ ಸಾರ್, ಸಾರ್ ಎಂದು ಕಿರುಚಿದ್ದರಂತೆ. ನನಗೆ ಒಂದೂ ಕೇಳಿರಲಿಲ್ಲ. ನನ್ನ ಕೂ ಅವರಿಗೆ ಕೇಳಿರಲಿಲ್ಲ. ಮುದುಕ ನಮ್ಮಿಬ್ಬರ ಮುಖ ನೋಡಿ, ಹಮೀದಾಕನ ಹೆಗಲು ತಟ್ಟಿ, ಬಂದ ಪಿಕಪ್ಪಿನಲ್ಲೇ ಹಿಂದಿರುಗಿದ.

ಆ ಸಂಜೆ ಪತ್ರಿಕೆ ತೆಗೆದು ನೋಡಿದೆ. ಎಂಟೂಮುಕ್ಕಾಲು ಇಳಿತದ ಹೊತ್ತಾಗಿರಲಿಲ್ಲ. ಅದಕ್ಕೆ ಬಹಳ ಮೊದಲೇ ನೀರು ಏರಲು ತೊಡಗಿತ್ತು. ಅಲ್ಲಿಯ ನೀರಿಗೆ ಅಲ್ಲಿಯದೇ ಹೊತ್ತು.

ಮುಂದಿನ ಶುಕ್ರವಾರ ಹಮೀದಾಕ ಸೇತುವೆಯ ಮೇಲೆ ನಡೆದು ಹೋಗಿ ಹರಕೆ ತೀರಿಸಿ ಬಂದರು. ನನ್ನನ್ನು ಕರೆಯಲಿಲ್ಲ. ಶನಿವಾರ ಆಫೀಸಿನಲ್ಲಿ ಎಂದಿನಂತೆ ಸಲಾಂ ಹೇಳಿದರು, ಚಹಾ ತರಿಸಿದರು, ಆದರೆ ಆ ದಿನದ ಮಾತೆತ್ತಲಿಲ್ಲ. ನಾನು ಎರಡು ಸಲ ಎತ್ತಿದೆ. "ಬಿಡಿ ಸಾರ್, ಅದನ್ನು ಕೆದಕುದು ಬೇಡ," ಎಂದು ರೇಡಿಯೋ ಹಾಕಿದರು. ಆ ವರ್ಷದ ಕೊನೆಗೆ ಊರಿಗೆ ಹೋದವರು ಮರಳಲಿಲ್ಲ. ಕೆಲವು ವರ್ಷಗಳ ಮೇಲೆ ತೀರಿಕೊಂಡ ಸುದ್ದಿ ಬಂತು. ಆ ಬೆಳಗಿಗೆ ಇದ್ದ ಇನ್ನೊಬ್ಬ ಸಾಕ್ಷಿ ಹಾಗೆ ಹೋದರು. ನಾನು ಮತ್ತೆ ಹಳೆಯ ದಾರಿಗಳನ್ನು ಹುಡುಕಿಕೊಂಡು ಹೋಗಲಿಲ್ಲ. ಶುಕ್ರವಾರ ಇಸ್ಪೀಟಿಗೆ ಕೂರತೊಡಗಿದೆ. ಪ್ರಭಾಕರ ಏನೂ ಕೇಳದೆ ಎಲೆ ಹಂಚಿದ.

ವಿವರಣೆಗಳು ನನ್ನಲ್ಲಿ ಬೇಕಾದಷ್ಟಿವೆ. ಮಂಜಿನಲ್ಲಿ ಸದ್ದಿನ ದಿಕ್ಕು ತಿಳಿಯುವುದಿಲ್ಲ. ನನ್ನ ಕೂ ಯಾವುದೋ ಗೋಡೆಗೆ ಬಡಿದು ನನಗೇ ಮರಳಿರಬಹುದು. ಹೆದರಿದವನಿಗೆ ಬೇಕಾದ ದನಿ ಬೇಕಾದ ಕಡೆಯಿಂದ ಕೇಳುತ್ತದೆ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಈ ಕಥೆ ಹೇಳಿದ್ದೆ. ಹತ್ತು ವರ್ಷದ ಮೇಲೆ ಇನ್ನೊಮ್ಮೆ ಹೇಳಿದಾಗ, "ಮೊದಲ ಸಲ ಹೇಳಿದಾಗ ಗಿಡ್ಡ ಕೂ ಎರಡು ಇರಲಿಲ್ಲ," ಎಂದಳು. ಇದ್ದಿರಲಿಕ್ಕಿಲ್ಲ. ನಮ್ಮೂರಿನ ದೋಣಿಯವನು ಹಾಗೆ ಉತ್ತರ ಕೊಡುತ್ತಿದ್ದ. ಅದನ್ನು ಇಲ್ಲಿಗೆ ತಂದು ಅಂಟಿಸಿದವನು ನಾನೇ ಇರಬಹುದು. ಹೀಗೆ ಒಂದೊಂದನ್ನೇ ಬಿಟ್ಟುಕೊಡುತ್ತಾ ಬಂದರೆ ಕೊನೆಗೆ ಉಳಿಯುವುದು ಇಷ್ಟು: ನಾನು ಈ ದಡದಲ್ಲಿ ನೀರಿಗಿಳಿದೆ, ಆ ದಡದಲ್ಲಿ ಮೊಣಕಾಲವರೆಗೆ ಮಾತ್ರ ಒದ್ದೆಯಾಗಿ ಎದ್ದೆ.

ಇದನ್ನೂ ಬಿಟ್ಟುಕೊಡಲು ನಾನು ಸಿದ್ಧನಿದ್ದೆ. ಆದರೆ ನಾನು ಬಹರೈನ್ ಬಿಡುವ ಮೊದಲು, ಕಡಲ ತಳದ ಅಳತೆ ಮಾಡುವ ಕಂಪನಿಯಲ್ಲಿದ್ದ ಪರಿಚಯದವರೊಬ್ಬರ ಟೇಬಲ್ಲಿನ ಮೇಲೆ ಆ ಭಾಗದ ನಕ್ಷೆಯನ್ನು ಕಂಡೆ. ತೋಟದ ದಡಕ್ಕೂ ದ್ವೀಪಕ್ಕೂ ನಡುವೆ ಒಂದು ದಪ್ಪ ಗೆರೆ ಇತ್ತು. ದಡ ಎತ್ತರಿಸಲು ಮರಳು ತೆಗೆದ ಕಾಲುವೆ ಎಂದರು. ಉತ್ತರದಿಂದ ದಕ್ಷಿಣದವರೆಗೆ ಎಲ್ಲೂ ತುಂಡಾಗದೆ ಹೋಗಿತ್ತು. ಅದನ್ನು ದಾಟದೆ ಆ ಕಡೆಯಿಂದ ದ್ವೀಪಕ್ಕೆ ಹೋಗಲು ದಾರಿಯಿಲ್ಲ. ಆಳ ಕೇಳಿದೆ. ಇಬ್ಬರು ಒಬ್ಬರ ಹೆಗಲ ಮೇಲೆ ಒಬ್ಬರು ನಿಂತರೂ ಇಳಿತದಲ್ಲೇ ಮುಳುಗುತ್ತಾರೆ ಎಂದರು. ಅದು ಯಾವಾಗ ತೋಡಿದ್ದು ಎಂದು ಕೇಳಿ, ಅವರ ಮಾತು ಸಾಲದೆಂದು ಕೆಲಸ ಮುಗಿದ ದಿನದ ಕಾಗದವನ್ನೂ ತೆಗೆಸಿ ನೋಡಿದೆ. ನಾವು ನೀರಿಗಿಳಿದ ಆ ಶುಕ್ರವಾರಕ್ಕಿಂತ ಒಂದು ವರ್ಷ ಮೊದಲೇ ಮುಗಿದಿತ್ತು.